ಕಳೆದ ಪತ್ತು ಮರಳಿ ಬಂದ ದಾರಿ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ತಿರುಗಾಡುವವರಿಗೆ ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ’ ಎಂಬ ಫಲಕ ಹೊಸದಲ್ಲ. ಅದರಲ್ಲಿರುವ ‘ಪತ್ತು’ ಎಂಬ ಮಾತನ್ನು ಸಾಲ ಎಂದೇ ತಿಳಿದುಕೊಂಡವರು ಹೆಚ್ಚು. ಎರಡೂ ಒಂದೇ ಅಲ್ಲ. ಮರಾಠಿಯ ‘ಪತ’ ಎಂಬ ಪದದ ನೆಂಟಸ್ತಿಕೆಯುಳ್ಳ ಈ ಮಾತಿಗೆ ಒಬ್ಬನ ಮೇಲೆ ನಾಲ್ಕು ಜನ ಇಟ್ಟಿರುವ ನಂಬಿಕೆ, ಅವನ ಮಾತಿಗಿರುವ ಬೆಲೆ ಎಂಬ ಅರ್ಥವಿದೆ. ಸಾಲ ಕೈಗೆ ಬರುವ ಹಣ. ಪತ್ತು ಇರುವುದು ಬೇರೆಯವರ ಮನಸ್ಸಿನಲ್ಲಿ. ಹೀಗಾಗಿ ಅದನ್ನು ಒಮ್ಮೆ ಕಳೆದುಕೊಂಡವನು ಕಾಸು ಕೂಡಿಸಿದ ಮಾತ್ರಕ್ಕೆ ಅದನ್ನು ಮರಳಿ ಪಡೆಯಲಾರ. ನೆರೆಯವರು ನೋಡಬೇಕು, ಒಪ್ಪಬೇಕು.

ಒಬ್ಬಿಬ್ಬರಲ್ಲ, ಇಡೀ ಸೀಮೆಯ ರೈತರೇ ಪತ್ತು ಕಳೆದುಕೊಂಡು ನಿಂತ ಕಾಲವೊಂದಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತು. ಮುಂಬಯಿ ಪ್ರಾಂತದ ಹತ್ತಿಗೆ ಬಂಗಾರದ ಬೆಲೆ ಬಂತು. ಸಾಹುಕಾರರು ಕೇಳಿದವರಿಗೆಲ್ಲ ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ಸಾಲ ಮಾತ್ರ ಹಾಗೆಯೇ ಉಳಿಯಿತು. ಇದರ ಮೇಲೆ ಕಾನೂನಿನದೊಂದು ವಿಚಿತ್ರ. ಸಾಲಗಾರನಿಗೆ ಒಳ್ಳೆಯದಾಗಲೆಂದು 1859ರ ಕಾಯಿದೆ ಸಾಲಪತ್ರದ ಆಯುಸ್ಸನ್ನು ಮೂರು ವರ್ಷಕ್ಕೆ ಮಿತಗೊಳಿಸಿತ್ತು. ಸಾಹುಕಾರ ಏನು ಮಾಡಿದ? ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಂಡ. ಓದು ಬಾರದ ರೈತ ಅದರ ಕೆಳಗೆ ತನ್ನ ಗುರುತು ಹಾಕಿದ.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ರೈತರು ಸಾಹುಕಾರರ ಅಂಗಡಿ, ಮನೆಗಳಿಗೆ ನುಗ್ಗಿದರು. ಗಲಭೆ ಸುತ್ತಲ ಊರುಗಳಿಗೂ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು. ಬಹುತೇಕ ಕಡೆ ಅವರು ಹುಡುಕಿದ್ದು ಸಾಹುಕಾರನನ್ನಲ್ಲ, ಅವನ ಪೆಟ್ಟಿಗೆಯಲ್ಲಿದ್ದ ಸಾಲಪತ್ರ ಮತ್ತು ಲೆಕ್ಕದ ಪುಸ್ತಕಗಳನ್ನು. ಸಿಕ್ಕಿದ್ದನ್ನು ಬೀದಿಯಲ್ಲಿಟ್ಟು ಸುಟ್ಟರು. ಸರ್ಕಾರ ತನಿಖಾ ಆಯೋಗ ನೇಮಿಸಿತು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂತು. ಪತ್ರದಲ್ಲಿ ಏನೇ ಬರೆದಿರಲಿ, ಕೊಟ್ಟ ಹಣ ನಿಜವಾಗಿ ಎಷ್ಟು ಎಂದು ವಿಚಾರಿಸುವ ಅಧಿಕಾರ ನ್ಯಾಯಾಲಯಕ್ಕೆ ದೊರೆಯಿತು. ಕಾಯಿದೆ ಒಳ್ಳೆಯದೇ. ಆದರೆ ವಸೂಲಿ ಕಷ್ಟವೆಂದು ಕಂಡ ಸಾಹುಕಾರ ಕೈ ಬಿಗಿ ಮಾಡಿದ. ಹಳೆಯ ಸಾಲದಿಂದ ಬಿಡುಗಡೆ ಪಡೆದ ರೈತನಿಗೆ ಬಿತ್ತನೆ ಬೀಜಕ್ಕೆ ಹೊಸದಾಗಿ ಕೊಡುವವರು ಯಾರು ಎಂಬ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿರಲಿಲ್ಲ.

ಬೇಕರಿಯಿಂದ ಬ್ಯಾಂಕಿಗೆ

ಉತ್ತರ ಸಿಕ್ಕಿದ್ದು ಬಹಳ ದೂರದಲ್ಲಿ, ಜರ್ಮನಿಯ ವೆಸ್ಟರ್‌ವಾಲ್ಡ್ ಗುಡ್ಡಗಾಡಿನಲ್ಲಿ. ಅಲ್ಲಿಯ ವೈಯರ್‌ಬುಶ್ ಎಂಬ ಹಳ್ಳಿಗಾಡಿಗೆ ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಎಂಬ ತರುಣ 1845ರಲ್ಲಿ ಮೇಯರ್ ಆಗಿ ಬಂದ. ಮರುವರ್ಷವೇ ಬೆಳೆ ಕೈಕೊಟ್ಟಿತು. 1846-47ರ ಚಳಿಗಾಲದಲ್ಲಿ ಅವನು ಉಳ್ಳವರಿಂದ ಹಣ ಕೂಡಿಸಿ, ಹಿಟ್ಟು ತರಿಸಿ, ಊರಿಗೊಂದು ಒಲೆ ಕಟ್ಟಿಸಿ ಬ್ರೆಡ್ ಸುಡಿಸಿದ. ಬಡವರಿಗೆ ಅದನ್ನು ಕಡಿಮೆ ಬೆಲೆಗೆ, ಕಡವಾಗಿ ಕೊಟ್ಟರು. 1849ರಲ್ಲಿ ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿ ಬಡ ರೈತರಿಗೆ ದನ ಕೊಡಿಸಲು ಒಂದು ಸಂಘ ಕಟ್ಟಿದ. 1854ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಇನ್ನೊಂದು. ಈ ಕೊನೆಯ ಸಂಘದ ಉದ್ದೇಶಗಳ ಪಟ್ಟಿ ನೋಡಿದರೆ ಅಚ್ಚರಿಯಾಗುತ್ತದೆ. ಅನಾಥ ಮಕ್ಕಳ ಪಾಲನೆ, ಸೆರೆಮನೆಯಿಂದ ಬಿಡುಗಡೆಯಾದವರಿಗೆ ಕೆಲಸ, ಅದರ ಜೊತೆಗೇ ರೈತರಿಗೆ ಸಾಲ. ಸಮಾಜ ಬೆನ್ನು ತಿರುಗಿಸಿದವರನ್ನು ಮತ್ತೆ ಸಮಾಜಕ್ಕೆ ತರುವ ಕೆಲಸವೆಲ್ಲ ಒಂದೇ ಎಂದು ರೈಫೈಸನ್ ತಿಳಿದಿದ್ದಂತೆ ಕಾಣುತ್ತದೆ.

ಆದರೆ ಶ್ರೀಮಂತರ ಉತ್ಸಾಹ ಹೆಚ್ಚು ದಿನ ಬಾಳಲಿಲ್ಲ. ಸಾಲ ತೆಗೆದುಕೊಳ್ಳುವವರು ತಾವೇ, ಹೊಣೆ ಹೊರುವವರು ಬೇರೆಯವರು ಎಂಬ ವ್ಯವಸ್ಥೆ ನಿಲ್ಲದೆಂದು ಅವನಿಗೆ ಮನವರಿಕೆಯಾಯಿತು. 1864ರಲ್ಲಿ ಹೆಡ್ಡೆಸ್‌ಡಾರ್ಫ್ ಸಂಘವನ್ನು ಸಾಲ ಪಡೆಯುವವರೇ ಸದಸ್ಯರಾಗಿರುವ ಪತ್ತಿನ ಸಂಘವಾಗಿ ಬದಲಿಸಿದ. ಅದರ ಕಟ್ಟಳೆಗಳು ಸರಳ. ಸಂಘದ ವ್ಯಾಪ್ತಿ ಒಂದೇ ಊರಿನಷ್ಟು ಚಿಕ್ಕದಿರಬೇಕು, ಎಲ್ಲರಿಗೂ ಎಲ್ಲರ ಗುರುತಿರಬೇಕು. ಒಬ್ಬ ಸಾಲ ತೀರಿಸದಿದ್ದರೆ ಉಳಿದವರೆಲ್ಲ ತಮ್ಮ ಆಸ್ತಿಪಾಸ್ತಿಯ ಮಟ್ಟಿಗೂ ಹೊಣೆ. ಲಾಭ ಹಂಚುವಂತಿಲ್ಲ, ನಿಧಿಗೆ ಸೇರಬೇಕು. ಲೆಕ್ಕ ಬರೆಯುವವನೊಬ್ಬನ ಹೊರತು ಆಡಳಿತ ನಡೆಸುವ ಯಾರಿಗೂ ಸಂಬಳವಿಲ್ಲ.

ಕೊನೆಯ ಕಟ್ಟಳೆ ಕೇವಲ ಖರ್ಚು ಉಳಿಸುವ ಉಪಾಯವಾಗಿರಲಿಲ್ಲ. ಒಬ್ಬನಿಗೆ ಸಾಲ ಕೊಡಬಹುದೇ ಎಂದು ತಿಳಿಯಲು ಪಟ್ಟಣದ ಬ್ಯಾಂಕು ಆಸ್ತಿ ಕೇಳುತ್ತದೆ, ಇಲ್ಲವೇ ಗುಮಾಸ್ತನನ್ನು ಕಳಿಸುತ್ತದೆ. ಹತ್ತು ರೂಪಾಯಿಯ ಸಾಲಕ್ಕೆ ಅಷ್ಟು ವೆಚ್ಚ ತಾಳುವುದಿಲ್ಲ. ಅವನ ಎತ್ತು ಎಂಥದು, ಅವನು ಕುಡಿಯುತ್ತಾನೆಯೇ, ಕಳೆದ ಸಲ ಬೆಳೆ ಹೋದದ್ದು ಮಳೆಯಿಂದಲೋ ಸೋಮಾರಿತನದಿಂದಲೋ ಎಂಬುದೆಲ್ಲ ಪಕ್ಕದ ಹೊಲದವನಿಗೆ ಪುಕ್ಕಟೆಯಾಗಿ ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನು ಅವನು ಸಂಜೆಯ ಹೊತ್ತು ಸಂಘದ ಚಾಪೆಯ ಮೇಲೆ ಕುಳಿತು ಪುಕ್ಕಟೆಯಾಗಿಯೇ ಕೊಟ್ಟರೆ ಬಡವನ ಸಾಲ ಅಗ್ಗವಾಗುತ್ತದೆ. ಸಂಬಳವಿಲ್ಲದ ಆ ದುಡಿಮೆಯೇ ಅಡಮಾನದ ಜಾಗದಲ್ಲಿ ನಿಂತಿತು.

ಗದಗ ಸೀಮೆಯ ಕಣಗಿನಹಾಳ

ಭಾರತದಲ್ಲಿ ಈ ವಿಚಾರಕ್ಕೆ ದಾರಿ ಮಾಡಿದವರು ಮದ್ರಾಸ್ ಪ್ರಾಂತದ ಅಧಿಕಾರಿ ಫ್ರೆಡ್ರಿಕ್ ನಿಕೋಲ್‌ಸನ್. ಯೂರೋಪಿನ ಭೂ ಬ್ಯಾಂಕುಗಳನ್ನು ಅಭ್ಯಾಸ ಮಾಡಲು ಸರ್ಕಾರ ಅವರನ್ನು ನೇಮಿಸಿತ್ತು. 1895 ಮತ್ತು 1897ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಅವರ ದೀರ್ಘ ವರದಿಯ ಸಾರವನ್ನು ‘ರೈಫೈಸನ್‌ನನ್ನು ಹುಡುಕಿರಿ’ ಎಂಬ ಎರಡು ಮಾತಿನಲ್ಲಿ ಹೇಳುವುದು ವಾಡಿಕೆ. ಸಂಘದ ನಿಯಮಾವಳಿ ತರಿಸಿಕೊಳ್ಳಿ ಎಂದಲ್ಲ, ಅಂಥ ಮನುಷ್ಯನನ್ನು ಹುಡುಕಿರಿ ಎಂದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಯಾಯಿತು. ಒಂದೇ ಊರಿನ ಹತ್ತು ಜನ ಸೇರಿದರೆ ಸಂಘ ಕಟ್ಟಬಹುದು. ಗ್ರಾಮೀಣ ಸಂಘಗಳಿಗೆ ಅಪರಿಮಿತ ಹೊಣೆಗಾರಿಕೆ. ಹೆಡ್ಡೆಸ್‌ಡಾರ್ಫ್‌ನ ಕಟ್ಟಳೆಗಳು ಹೆಚ್ಚುಕಡಿಮೆ ಹಾಗೆಯೇ ಬಂದಿದ್ದವು.

ಮರುವರ್ಷ, 1905ರ ಮೇ 8ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ನೋಂದಣಿಯಾಯಿತು. ಅದರ ಮುಂದಾಳು ಊರಿನ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಕರ್ನಾಟಕದವರು ಅವರನ್ನು ಸಹಕಾರ ಚಳವಳಿಯ ಪಿತಾಮಹ ಎಂದೂ ಕಣಗಿನಹಾಳದ ಸಂಘವನ್ನು ದೇಶದ ಮೊದಲ ಕೃಷಿ ಪತ್ತಿನ ಸಂಘ ಎಂದೂ ಕರೆಯುತ್ತಾರೆ. ತಮಿಳುನಾಡಿನವರು 1904ರ ತಿರೂರಿನ ಸಂಘಕ್ಕೆ ಅದೇ ಹಿರಿಮೆ ಕೊಡುತ್ತಾರೆ. ಬರೋಡದವರು 1889ರಲ್ಲಿಯೇ ಹುಟ್ಟಿದ್ದ ತಮ್ಮ ‘ಅನ್ಯೋನ್ಯ’ ಮಂಡಳಿಯನ್ನು ತೋರಿಸುತ್ತಾರೆ. ಈ ಮೊದಲಿಗತನದ ಜಗಳದಲ್ಲಿ ಹುರುಳು ಕಡಿಮೆ. ಹತ್ತಿಯ ಬೆಲೆಯ ಏರಿಳಿತಕ್ಕೆ ಸಿಕ್ಕಿ, 1876-78ರ ಭೀಕರ ಬರವನ್ನೂ ಕಂಡಿದ್ದ ಸೀಮೆಯ ಹಳ್ಳಿಯೊಂದು ತನ್ನ ಜನರಿಗೆ ತಾನೇ ಜಾಮೀನು ನಿಂತಿತು ಎಂಬುದು ದೊಡ್ಡ ಮಾತು.

ಇಂಥ ಸಂಘದಲ್ಲಿ ಒಬ್ಬನ ಪತ್ತು ಮರಳಿ ಬೆಳೆಯುತ್ತಿದ್ದ ರೀತಿ ಹೀಗೆ. ಮೊದಲು ಅವನನ್ನು ಸದಸ್ಯನಾಗಿ ಸೇರಿಸಿಕೊಳ್ಳಲು ಉಳಿದವರು ಒಪ್ಪಬೇಕು. ಸಾಲ ಯಾತಕ್ಕೆಂದು ಅವನು ಪಂಚರ ಮುಂದೆ ಹೇಳಬೇಕು, ಇಬ್ಬರು ಜಾಮೀನು ನಿಲ್ಲಬೇಕು. ಎತ್ತಿಗೆಂದು ತೆಗೆದ ಹಣದಲ್ಲಿ ಮದುವೆ ಮಾಡಿದರೆ ಊರಿಗೇ ಗೊತ್ತು. ಸುಗ್ಗಿಯಲ್ಲಿ ಅಷ್ಟಿಷ್ಟು ತೀರಿಸಿದರೆ ಅದೂ ಊರಿಗೇ ಗೊತ್ತು. ಮುಂದಿನ ಸಲ ಅವನೇ ಇನ್ನೊಬ್ಬನಿಗೆ ಜಾಮೀನಾಗುವ ಮಟ್ಟಕ್ಕೆ ಬರುತ್ತಿದ್ದ. ನೆನ್ನೆಯ ಸಾಲಗಾರ ನಾಳೆ ಪಂಚನಾಗಿ ಕುಳಿತು ಇನ್ನೊಬ್ಬನ ಅರ್ಜಿ ಕೇಳುವುದು ಸಾಹುಕಾರನ ಪಡಸಾಲೆಯಲ್ಲಿ ಸಾಧ್ಯವಿಲ್ಲದ ಮಾತು. ಸಂಘದ ಕೆಲಸಕ್ಕೆ ಪುಕ್ಕಟೆ ದುಡಿದವರಿಗೂ ಲಾಭವಿತ್ತು. ಲೆಕ್ಕ ಬರೆಯುವುದು, ಬಡ್ಡಿ ಹಾಕುವುದು, ಸಭೆಯಲ್ಲಿ ಎದ್ದು ಮಾತಾಡುವುದು ಅಲ್ಲಿಯೇ ಕಲಿತದ್ದು. ಮುಯ್ಯಾಳು ಪದ್ಧತಿ ಬಲ್ಲ ನಮ್ಮ ಹಳ್ಳಿಗಳಿಗೆ ಈ ತತ್ವ ತೀರ ಹೊಸದೂ ಆಗಿರಲಿಲ್ಲ. ಇಂದು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು ಎಂಬುದನ್ನು ಲೆಕ್ಕದ ಪುಸ್ತಕಕ್ಕೆ ತಂದಂತಾಯಿತು.

ಮುಂಬಯಿ ಪ್ರಾಂತದಲ್ಲಿ ಸಂಘಗಳನ್ನು ಕಟ್ಟಲು ಗೌರವ ಸಂಘಟಕರೆಂಬವರನ್ನು ನೇಮಿಸುತ್ತಿದ್ದರು. ವಕೀಲರು, ಶಾಲಾ ಮಾಸ್ತರರು, ಊರ ಹಿರಿಯರು ತಮ್ಮ ಕೆಲಸದ ನಡುವೆ ಈ ಕೆಲಸ ಮಾಡಿದರು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಪುತ್ತೂರಿನ ವಕೀಲ ಮೊಳಹಳ್ಳಿ ಶಿವರಾಯರು ಇದಕ್ಕೆ ಜೀವ ಸವೆಸಿದರು. 1914ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಹಿಂದೆ ಇದ್ದವರು ಅವರೇ.

ಇಷ್ಟಾದರೂ ಎಲ್ಲರಿಗೂ ಈ ಚಾಪೆಯ ಮೇಲೆ ಜಾಗವಿರಲಿಲ್ಲ. ಪಂಚರು ಹೆಚ್ಚಾಗಿ ಹೊಲವುಳ್ಳವರು, ಮೇಲುಜಾತಿಯವರು. ಭೂಮಿಯಿಲ್ಲದ ಕೂಲಿಯ ಮಾತಿಗೆ ಬೆಲೆ ಕಟ್ಟುವವರು ಯಾರು? ಹೆಂಗಸರನ್ನಂತೂ ಯಾರೂ ಕೇಳಲಿಲ್ಲ. ಊರು ಯಾರನ್ನು ನಂಬಲು ಸಿದ್ಧವಿತ್ತೋ ಅವರಿಗಷ್ಟೇ ಪತ್ತು ಬಂತು. 1951-52ರಲ್ಲಿ ದೇಶದ 75 ಜಿಲ್ಲೆಗಳಲ್ಲಿ ನಡೆದ ಗ್ರಾಮೀಣ ಸಾಲ ಸಮೀಕ್ಷೆಯ ವರದಿ 1954ರಲ್ಲಿ ಹೊರಬಂದಾಗ ಸತ್ಯ ಕಹಿಯಾಗಿತ್ತು. ರೈತರು ತೆಗೆದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಶೇ. 3.1, ಲೇವಾದೇವಿಗಾರರದು ಸುಮಾರು ಶೇ. 70. ಎ. ಡಿ. ಗೋರ್‌ವಾಲಾ ಅಧ್ಯಕ್ಷತೆಯ ಸಮಿತಿ ಇದಕ್ಕೆ ಸೂಚಿಸಿದ ಮದ್ದೆಂದರೆ ಸರ್ಕಾರವೇ ಸಂಘಗಳಲ್ಲಿ ಪಾಲುದಾರನಾಗುವುದು, ಸಂಘಗಳನ್ನು ದೊಡ್ಡವು ಮಾಡುವುದು. ಹಣ ಹರಿಯಿತು ನಿಜ. ಆದರೆ ಸರ್ಕಾರದ ಹಣ ಬಂದಲ್ಲಿ ಸರ್ಕಾರದ ಅಧಿಕಾರಿ ಬಂದ, ಅವನ ಹಿಂದೆ ಚುನಾವಣೆಯ ರಾಜಕೀಯ ಬಂತು. ಹತ್ತಾರು ಊರಿಗೆ ಒಂದೇ ಸಂಘವಾದ ಮೇಲೆ ಯಾರ ಎತ್ತು ಎಂಥದೆಂದು ಬಲ್ಲವರು ಸಭೆಯಲ್ಲಿ ಉಳಿಯಲಿಲ್ಲ. ಸಾಲ ತೀರಿಸದವನನ್ನು ನೆರೆಯವರು ಕೇಳುವುದನ್ನು ಬಿಟ್ಟರು, ಏಕೆಂದರೆ ಅದು ಅವರ ಹಣವಾಗಿ ಉಳಿದಿರಲಿಲ್ಲ.

ಮುರಿದ ಸಂಘಗಳಿಂದ

ಮುಂದಿನ ತಿರುವೂ ಕರ್ನಾಟಕದಲ್ಲಿಯೇ ಬಂತು ಎಂಬುದು ಕುತೂಹಲದ ಸಂಗತಿ. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ ಆರಂಭವಾದ ಮೈರಾಡಾ ಸಂಸ್ಥೆ ಮುಂದೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಸಹಕಾರಿ ಸಂಘಗಳನ್ನು ಕಟ್ಟಿತ್ತು. 1984-85ರ ಹೊತ್ತಿಗೆ ಅವುಗಳಲ್ಲಿ ಹಲವು ಮುರಿದುಬಿದ್ದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಲೆಕ್ಕದ ಪುಸ್ತಕದ ಪ್ರಕಾರ ಈ ಸದಸ್ಯರೆಲ್ಲ ಸುಸ್ತಿದಾರರು. ಆದರೆ ಅವರಲ್ಲಿ ಕೆಲವರು ಚಿಕ್ಕ ಚಿಕ್ಕ ಗುಂಪಾಗಿ ಬಂದು, ಸಾಲ ತೀರಿಸುತ್ತೇವೆ, ಆ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಎಂದರು. ಹಾಗಾದರೆ ನಿಮ್ಮ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂದು ಸಂಸ್ಥೆ ಹೇಳಿತು. ಹೀಗೆ ಹಳೆಯ ಬಾಕಿಯೇ ಹೊಸ ಗುಂಪಿನ ಬಂಡವಾಳವಾಯಿತು.

ಈ ಗುಂಪುಗಳು ಸರ್ಕಾರ ಗೆರೆ ಎಳೆದು ಮಾಡಿದವಲ್ಲ. ಹದಿನೈದು ಇಪ್ಪತ್ತು ಜನ, ಒಬ್ಬರನ್ನೊಬ್ಬರು ಮೊದಲೇ ನಂಬಿದವರು, ಬರಬರುತ್ತ ಹೆಚ್ಚಾಗಿ ಹೆಂಗಸರು. ವಾರಕ್ಕೊಮ್ಮೆ ಸಭೆ, ಅಷ್ಟಿಷ್ಟು ಉಳಿತಾಯ, ತಡವಾಗಿ ಬಂದವರಿಗೆ ದಂಡ. ಪ್ರತಿನಿಧಿಗಳು ಸರದಿಯ ಮೇಲೆ ಕೆಲಸ ಮಾಡುತ್ತಿದ್ದರು. ಕಣಗಿನಹಾಳದ ಚಾಪೆಯ ಮೇಲೆ ಜಾಗ ಸಿಗದವರು ತಮ್ಮದೇ ಚಾಪೆ ಹಾಸಿಕೊಂಡರು ಎನ್ನಬಹುದು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ, ನೋಂದಣಿಯೇ ಆಗದ ಇಂಥ ಗುಂಪುಗಳಿಗೆ ಬ್ಯಾಂಕುಗಳು ಸಾಲ ಕೊಡುವ ಯೋಜನೆ 500 ಗುಂಪುಗಳ ಗುರಿಯೊಂದಿಗೆ ಆರಂಭವಾಯಿತು. ಸ್ವಸಹಾಯ ಸಂಘ ಎಂಬ ಮಾತು ಈಗ ಮನೆಮಾತು.

ಹೊರಗಿನಿಂದ ನೋಡಿದರೆ ಇದೇ ರೂಪದ ಇನ್ನೊಂದು ವ್ಯವಹಾರವೂ ಬೆಳೆಯಿತು. ಕಿರುಸಾಲದ ಕಂಪನಿಗಳು ಗುಂಪಿನ ಜಾಮೀನನ್ನು ಉಳಿಸಿಕೊಂಡು ಗುಂಪಿನ ನಿರ್ಧಾರವನ್ನು ಕೈಬಿಟ್ಟವು. ಯಾರಿಗೆ ಎಷ್ಟು ಸಾಲ ಎಂದು ಹೇಳುವವನು ಕಂಪನಿಯ ನೌಕರ, ಬಾಕಿಯಾದರೆ ಪೀಡಿಸಬೇಕಾದವರು ನೆರೆಯವರು. ಇದರ ಫಲವಾಗಿ ಎದ್ದ ಕೂಗಿಗೆ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಪಟ್ಟಣದಲ್ಲಿ ಪತ್ತು ಈಗ ಒಂದು ಅಂಕಿ. 2000ದಲ್ಲಿ ಸಿಬಿಲ್ ಸಂಸ್ಥೆ ಹುಟ್ಟಿತು. 2005ರಲ್ಲಿ ಅಂಥ ಸಂಸ್ಥೆಗಳಿಗೆ ಕಾಯಿದೆ ಬಂತು. 300ರಿಂದ 900ರವರೆಗಿನ ಅಂಕದಲ್ಲಿ ಮನುಷ್ಯನ ಬೆಲೆ ನಿಂತಿದೆ. ಕಂತು ತಪ್ಪಿದವನು ಮುಂದಿನ ಕಂತುಗಳನ್ನು ವೇಳೆಗೆ ಸರಿಯಾಗಿ ಕಟ್ಟುತ್ತ ಹೋಗಬೇಕು. ಊರಿನ ಕೆರೆ ಹೂಳೆತ್ತಿದ್ದಕ್ಕೆ ಅಲ್ಲಿ ಅಂಕವಿಲ್ಲ. ಸ್ವಸಹಾಯ ಸಂಘದಲ್ಲಿ ವರ್ಷಗಟ್ಟಲೆ ತಪ್ಪದೆ ಸಾಲ ತೀರಿಸಿದ ಹೆಂಗಸಿನ ಹೆಸರೂ ಬಹುಕಾಲ ಆ ಕಡತಗಳಲ್ಲಿ ಇರಲಿಲ್ಲ, ಬ್ಯಾಂಕಿನ ಲೆಕ್ಕದಲ್ಲಿ ಸಾಲ ಪಡೆದದ್ದು ಗುಂಪು. ಸದಸ್ಯರ ವಿವರವನ್ನು ಒಬ್ಬೊಬ್ಬರದಾಗಿ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ 2016ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಹಾಗೆ ಹೋಗುವ ವಿವರದಲ್ಲಿ ಸಾಲದ ಮೊತ್ತ ಮತ್ತು ಬಾಕಿ ಇರುತ್ತದೆ. ಯಾರ ಗಂಡ ಆಸ್ಪತ್ರೆ ಸೇರಿದಾಗ ಯಾರ ಕಂತನ್ನು ಉಳಿದವರು ಸೇರಿ ಕಟ್ಟಿದರು ಎಂಬುದು ಗುಂಪಿನ ನಡಾವಳಿ ಪುಸ್ತಕದಲ್ಲಿ ಮಾತ್ರ ಇರುತ್ತದೆ.