ಯಾದೃಚ್ಛಿಕ ಅನುರಣನ

'ರಣ್' ಧಾತುವಿಗೆ ಧ್ವನಿಗೈಯುವುದೆಂದು ಅರ್ಥ. 'ಅನು' ಉಪಸರ್ಗವು ಕೂಡಿದಾಗ ಘಂಟೆಯ ಹೊಡೆತದ ತರುವಾಯವೂ ಉಳಿದುಬರುವ ನಾದವು 'ಅನುರಣನ'ವಾಗುತ್ತದೆ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಧ್ವನಿತತ್ತ್ವವನ್ನು ವಿವರಿಸುವಾಗ ಈ ನಾದವನ್ನೇ ನಿದರ್ಶನವಾಗಿ ಕೊಂಡನು. 'ಯದೃಚ್ಛೆ' ಆಕಸ್ಮಿಕವೆಂಬ ಅರ್ಥದ್ದು. ಶ್ವೇತಾಶ್ವತರೋಪನಿಷತ್ತಿನಲ್ಲಿ ಜಗತ್ಕಾರಣದ ವಿಚಾರಕ್ಕೆ ಬಂದ ಪದ.

ಇವೆರಡರ ಜೋಡಿಯು ಸೂಚಿಸುವ ತತ್ತ್ವವನ್ನು 1981ರಲ್ಲಿ ಇಟಲಿಯ ರಾಬರ್ಟೊ ಬೆಂಜಿ ಮತ್ತು ಸಂಗಡಿಗರು ಹಿಮಯುಗಗಳ ಆವರ್ತನೆಯನ್ನು ವಿವರಿಸಲು ಮಂಡಿಸಿದರು. ಜೀವಿಗಳಲ್ಲಿಯೂ ಇದೇ ತತ್ತ್ವವು ಕೆಲಸಮಾಡುತ್ತದೆ: ಗ್ರಾಹಕ ಕೋಶವೊಂದು ಎಚ್ಚರಗೊಳ್ಳುವ ಮಿತಿಯನ್ನು ಮುಟ್ಟಲಾರದಷ್ಟು ಕ್ಷೀಣವಾದ ಸಂಕೇತವು, ಅಡ್ಡಾದಿಡ್ಡಿಯಾದ ಗದ್ದಲದ ಏರಿಳಿತವು ಜೊತೆಗೂಡಿದಾಗ, ತನ್ನ ಶಿಖರಗಳಲ್ಲಿ ಆ ಮಿತಿಯನ್ನು ದಾಟಿ ತನ್ನ ಲಯವನ್ನು ನರಕ್ಕೆ ಮುಟ್ಟಿಸುತ್ತದೆ. 1993ರಲ್ಲಿ ಕ್ರೇಫಿಶ್ ಎಂಬ ಸಿಹಿನೀರಿನ ಜೀವಿಯ ಬಾಲದ ರೋಮಗಳಲ್ಲಿ, ನೀರಿನ ಮೆಲುಚಲನೆಯನ್ನರಿಯುವ ಕೋಶಗಳಲ್ಲಿ, ಇದು ಪ್ರಯೋಗದಿಂದ ಕಂಡುಬಂದಿತು.

ಇನ್ನೂ ಮನೋಹರವಾದುದು ಕೂಡಿ ದುಡಿಯುವ ಕೋಶಗಳ ರೀತಿ. ಅಲ್ಲಿ ಗದ್ದಲವನ್ನು ಬಳಸುವ ಬದಲು ತಗ್ಗಿಸಲಾಗುತ್ತದೆ. ಕಪ್ಪೆಯ ಒಳಗಿವಿಯಲ್ಲಿ ರೋಮಕೋಶಗಳ ತುದಿಯ ರೋಮಗಳ ಕಂತೆಗಳನ್ನು ಮೇಲಣ ತೆಳುಪೊರೆಯೊಂದು ಒಂದುಗೂಡಿಸಿರುತ್ತದೆ. ಬಿಡಿ ಕಂತೆಗಳ ನಡುಕ ಒಂದೊಂದಕ್ಕೂ ಬೇರೆಯಾದುದರಿಂದ ಕೂಡಿದಾಗ ಬಹುಮಟ್ಟಿಗೆ ಅಳಿಯುತ್ತದೆ, ಎಲ್ಲಕ್ಕೂ ಸಮಾನವಾದ ಸಂಕೇತವು ಉಳಿಯುತ್ತದೆ. ಇಂತಹ ಬೆಸುಗೆಯಿಂದ ಸಂವೇದನೆಯು ಹರಿತವಾಗುವುದೆಂದು ಗಣಿತದ ಮಾದರಿಗಳು ತೋರಿಸಿವೆ.

ಸಹಜ ಕಂಪನಾಂಕಗಳು ಹೊಂದುವ ಸಾಮಾನ್ಯ ಅನುರಣನ ಯಾದೃಚ್ಛಿಕ ಅನುರಣನದಲ್ಲಿಲ್ಲ. ಗದ್ದಲದ ಪ್ರಮಾಣವು ಏರಿದಂತೆ ಗ್ರಹಣಶಕ್ತಿಯು ಒಂದು ಶಿಖರಕ್ಕೇರಿ ಮತ್ತೆ ಕುಸಿಯುವುದೆಂಬ ಸಾಮ್ಯದಿಂದಲೇ ಈ ಹೆಸರು. ಆದುದರಿಂದ ಗದ್ದಲ ಹೆಚ್ಚಿದಷ್ಟೂ ಒಳಿತೆಂಬ ಅರ್ಥದಲ್ಲಿ ಇದನ್ನು ಬಳಸುವುದು ತಪ್ಪು.