ಮಿಲ್ಟ್ರಿ ಲಾರಿ ಮತ್ತು ಒಂದೂವರೆ ಸುತ್ತಿನ ತಿರುಪು



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದು ಕೊಡಿರಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಠೇವು, ಸಾಲ, ವಸೂಲಿ ಇವುಗಳ ವಿವರ ವಾರ್ಷಿಕ ವರದಿಯಲ್ಲಿ ಬಂದೇ ಬರುತ್ತದೆ. ಆದ್ದರಿಂದ ನಾವು ಬೇರೆ ವಿಷಯ ಆರಿಸಿಕೊಂಡೆವು. ಊರ ಹೊರಗಿನ ಬೇವಿನ ಗಿಡದ ಕೆಳಗೆ ನಿಂತಿರುವ ಹಳೇ ಮಿಲ್ಟ್ರಿ ಲಾರಿಯನ್ನು ಎಲ್ಲರೂ ನೋಡಿದ್ದೀರಿ. ಅದರ ಮೇಲೆ ಕೋಳಿ ಕೂಡ್ರುತ್ತವೆ, ಹುಡುಗರು ಹತ್ತಿ ಸ್ಟೇರಿಂಗ್ ತಿರುವುತ್ತಾರೆ. ಅದನ್ನು ಗುಜರಿಗೆ ಹಾಕೋಣವೋ ಬ್ಯಾಡವೋ ಎಂಬ ಮಾತು ಈಗ ಊರಿನಲ್ಲಿ ನಡೆದಿದೆ. ತೀರ್ಮಾನ ಮಾಡುವ ಮೊದಲು ಆ ಗಾಡಿ ಯಾವ ಕಾಲದ್ದು, ಎಲ್ಲಿಂದ ಬಂತು, ಅದರ ಹಿಂದೆ ಎಂಥ ವಿದ್ಯೆ ಇತ್ತು ಎಂಬುದು ನಮ್ಮ ಸದಸ್ಯರಿಗೆ ಗೊತ್ತಿರಲಿ ಎಂದು ಈ ನಾಲ್ಕು ಮಾತು.

ಯುದ್ಧ ತಂದ ಗಾಡಿಗಳು

ಗೋಕಾಕ, ಹುಕ್ಕೇರಿ ಸೀಮೆಗೆ ಯಂತ್ರ ಹೊಸದಲ್ಲ. ಘಟಪ್ರಭೆಯ ಜಲಪಾತದ ನೀರಿನ ಬಲದಿಂದ ಗೋಕಾಕದ ಗಿರಣಿ 1887ರಲ್ಲಿಯೇ ತಿರುಗತೊಡಗಿತು. ಆದರೆ ಹಳ್ಳಿಯ ದಾರಿಯಲ್ಲಿ ಚಕ್ಕಡಿಯೇ ರಾಜ. ಬೆಲ್ಲ, ಮೆಣಸಿನಕಾಯಿ, ಜೋಳ ಏನೇ ಇರಲಿ, ಎತ್ತಿನ ಕೊರಳ ಗಂಟೆಯ ಸದ್ದಿನಲ್ಲಿ ರಾತ್ರಿಯೆಲ್ಲ ನಡೆದು ಸಂಕೇಶ್ವರದ ಪೇಟೆ ಮುಟ್ಟಬೇಕಾಗಿತ್ತು. ಆಗ ಮೂಡಲಗಿ ಬೇರೆ ತಾಲೂಕು ಆಗಿರಲಿಲ್ಲ, ಗೋಕಾಕ ತಾಲೂಕಿನಲ್ಲಿಯೇ ಇತ್ತು. ಇಡೀ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು.

ಎರಡನೇ ಮಹಾಯುದ್ಧದಲ್ಲಿ ಕೆನಡಾ ದೇಶದ ಫೋರ್ಡ್ ಮತ್ತು ಶೆವ್ರೊಲೆ ಕಾರಖಾನೆಗಳು ಒಂದೇ ನಮೂನೆಯ ಮಿಲ್ಟ್ರಿ ಲಾರಿಗಳನ್ನು ಲಕ್ಷಗಟ್ಟಲೆ ಮಾಡಿದವು. ಮೂಗು ಮೊಂಡು, ಮುಂದಿನ ಕಾಜು ಕೆಳಗೆ ಬಂದಂತೆ ಒಳಕ್ಕೆ ಬಾಗಿದ್ದು, ಇಂಜಿನ್ನು ಡ್ರೈವರನ ಮಗ್ಗುಲಿಗೇ ಬಂದು ಕೂತಿದ್ದು ಇವುಗಳ ಗುರುತು. ಇವುಗಳ ಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಹಡಗಿನಲ್ಲಿ ತಂದು ಮುಂಬಯಿಯಲ್ಲಿ ಜೋಡಿಸುತ್ತಿದ್ದರು. ಶೆವ್ರೊಲೆ ಗಾಡಿಗೆ ಆರು ಸಿಲಿಂಡರಿನ, 85 ಅಶ್ವಶಕ್ತಿಯ ಪೆಟ್ರೋಲ್ ಇಂಜಿನ್ನು. ಫೋರ್ಡಿಗೆ ಎಂಟು ಸಿಲಿಂಡರು. ಇವಲ್ಲದೆ ಅಮೇರಿಕಾದ ಎಡಗೈ ಸ್ಟೇರಿಂಗಿನ ಜಿ.ಎಂ.ಸಿ. ಲಾರಿಗಳು ಅಸ್ಸಾಮ, ಬರ್ಮಾ ಕಡೆ ಓಡಿದವು. 1945ರಲ್ಲಿ ಲೇಡೋ ರಸ್ತೆ ಹಿಡಿದು ಚೀನಕ್ಕೆ ಸಾಮಾನು ಒಯ್ದವೂ ಇವೇ.

ಅದೇ ಕಾಲಕ್ಕೆ ನಮ್ಮ ಕಡೆ ಪೆಟ್ರೋಲಿಗೆ ಬರಗಾಲ. 1941ರಿಂದ ರೇಶನ್ ಬಂತು. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನ ಮೇಲೆ ಗಾಡಿ ಓಡಿಸುತ್ತಿದ್ದರು. ಏರು ಬಂದರೆ ಗ್ಯಾಸಿನ ಶಕ್ತಿ ಸಾಲದು. "ಇಳೀರಿ, ದೂಕ್ರಿ" ಎಂದು ಕಂಡಕ್ಟರ್ ಕೂಗುತ್ತಿದ್ದನಂತೆ. ನಮ್ಮ ಹಿರಿಯರು ಇದನ್ನು ನಕ್ಕೋತ ಹೇಳುತ್ತಿದ್ದರು.

ಯುದ್ಧ ಮುಗಿದ ಮೇಲೆ ಇಷ್ಟೆಲ್ಲ ಗಾಡಿ ಏನು ಮಾಡುವುದು? 1946ರ ಒಪ್ಪಂದದ ಪ್ರಕಾರ ಅಮೇರಿಕಾ ತನ್ನ ಉಳಿಕೆ ಸಾಮಾನನ್ನು ಭಾರತ ಸರಕಾರಕ್ಕೆ ಬಿಟ್ಟುಕೊಟ್ಟಿತು. ಸೈನ್ಯಕ್ಕೆ ಬೇಡಾದ ಗಾಡಿಗಳು ಲಿಲಾವಿಗೆ ಬಂದವು. ಜನ ಇವುಗಳನ್ನು 'ಡಿಸ್ಪೋಜಲ್ ಗಾಡಿ' ಎಂದು ಕರೆದರು. ಹಸಿರು ಬಣ್ಣದ ಮೇಲೆ ಬೇರೆ ಬಣ್ಣ ಬಳಿದು, ಕಟ್ಟಿಗೆಯ ಬಾಡಿ ಕಟ್ಟಿ, ಬೆಲ್ಲ ಹೇರಿದರು. ಬೆಳಗಾವಿಯಲ್ಲಿ 1922ರಿಂದ ಮರಾಠಾ ಪದಾತಿದಳದ ಕೇಂದ್ರ ಇದೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಂದ ಫೌಜಿಗೆ ಹೋದವರಿದ್ದಾರೆ. ಸೈನ್ಯದಲ್ಲಿ ಡ್ರೈವರ್, ಫಿಟರ್ ಕೆಲಸ ಕಲಿತು ಪೆನ್ಶನ್ ಮೇಲೆ ಊರಿಗೆ ಬಂದವರೇ ಈ ಗಾಡಿಗಳಿಗೆ ಸಾರಥಿಗಳಾದರು.

ಕಾರ್ಬೇಟರ್ ಎಂದರೆ ಏನು?

ಪುಸ್ತಕದಲ್ಲಿ ಕಾರ್ಬ್ಯುರೇಟರ್, ನಮ್ಮವರ ಬಾಯಲ್ಲಿ ಕಾರ್ಬೇಟರ್. ಪೆಟ್ರೋಲ್ ಇಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲು ಹದವಾಗಿ ಕಲಸಿ ಕೊಡುವ ಸಾಧನ ಇದು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಬೇಕು. ರೊಟ್ಟಿಯ ಹಿಟ್ಟಿಗೆ ನೀರು ಹೆಚ್ಚಾದರೆ ಕೈಗೆ ಅಂಟುತ್ತದೆ, ಕಡಿಮೆ ಆದರೆ ಬಡಿಯುವಾಗ ಸೀಳುತ್ತದೆ. ಇಲ್ಲಿಯೂ ಹಾಗೆಯೇ. ಪೆಟ್ರೋಲು ಹೆಚ್ಚಾದರೆ ಕರೀ ಹೊಗೆ. ಕಡಿಮೆ ಆದರೆ ಇಂಜಿನ್ನು ಕಾದು, ಕೆಮ್ಮಿ, ಏರಿನಲ್ಲಿ ಸೋಲುತ್ತದೆ.

ಅದರೊಳಗೆ ಒಂದು ಸಣ್ಣ ತೊಟ್ಟಿ. ಅದರಲ್ಲಿ ತೇಲುವ ಬುರುಡೆಗೆ ಫ್ಲೋಟ್ ಅನ್ನುತ್ತಾರೆ. ತೊಟ್ಟಿ ತುಂಬಿದೊಡನೆ ಫ್ಲೋಟ್ ಮೇಲೆದ್ದು ಸೂಜಿಯಿಂದ ಪೆಟ್ರೋಲಿನ ಬಾಯಿ ಮುಚ್ಚುತ್ತದೆ. ನಡುವೆ ಕಿರಿದಾದ ಕೊರಳು. ಇಂಜಿನ್ನು ಗಾಳಿ ಎಳೆದಾಗ ಆ ಕಿರಿದಾದ ಜಾಗದಲ್ಲಿ ಗಾಳಿಯ ವೇಗ ಹೆಚ್ಚಿ, ಒತ್ತಡ ಕುಸಿದು, ಜೆಟ್ಟಿನ ತೂತಿನಿಂದ ಪೆಟ್ರೋಲು ತುಂತುರಾಗಿ ಹೊರಬರುತ್ತದೆ. ಗಾಡಿ ನಿಂತಲ್ಲೇ ಸ್ಲೋ ಓಡುವಾಗ ಮಾತ್ರ ಬೇರೆ ಸಣ್ಣ ದಾರಿ. ಆ ದಾರಿಯ ಬಾಗಿಲೇ ನಮ್ಮ ಲೇಖನದ ನಾಯಕನಾದ ತಿರುಪು.

ಮಿಸ್ತ್ರಿ ಕಾಕಾನ ಪಾಠ

ನಾವು ಸಣ್ಣವರಿದ್ದಾಗ ಊರಿನಲ್ಲಿ ಒಬ್ಬ ಮಿಸ್ತ್ರಿ ಕಾಕಾ ಇದ್ದರು. ಫೌಜಿನಿಂದ ಬಂದವರು. ಗಾಡಿ ಮಿಸ್ಸಿಂಗ್ ಹೊಡೆಯಿತೆಂದರೆ ಎಲ್ಲರೂ ಕಾರ್ಬೇಟರಿಗೇ ಕೈ ಹಾಕುವರು. ಅವರು ಮಾತ್ರ ಕೈ ಕಟ್ಟಿ ನಿಂತು, "ಮೊದಲ ಪ್ಲಗ್ ಬಿಚ್ಚ್ರಿ, ಪಾಯಿಂಟ್ ನೋಡ್ರಿ. ಬೆಂಕಿ ಸರಿ ಇಲ್ಲದ ಒಲಿಗೆ ಎಣ್ಣಿ ಹೆಚ್ಚ ಹಾಕಿದರ ಏನ ಬಂತು?" ಅನ್ನುವರು. ಪ್ಲಗ್ಗಿನ ಬಾಯಿ ಕರೀ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ, ಚಹಾದ ಬಣ್ಣ ಇದ್ದರೆ ಹದ ಸರಿ.

ಪ್ಲಗ್ಗು, ಪಾಯಿಂಟು, ಟೈಮಿಂಗ್ ಸರಿ ಆದ ಮೇಲೆ ಗಾಳಿಯ ಫಿಲ್ಟರ್. ನಮ್ಮ ಕರಲು ಭೂಮಿಯ ಧೂಳು ಅದರಲ್ಲಿ ಅಂಗುಲ ದಪ್ಪ ಕೂಡುತ್ತಿತ್ತು. ಆಮೇಲೆ ಕಾರ್ಬೇಟರಿನ ಕೆಳಗಿನ ನಟ್ಟುಗಳು ಬಿಗಿ ಇವೆಯೋ ನೋಡುವುದು, ಯಾಕೆಂದರೆ ಅಲ್ಲಿ ಕಳ್ಳ ಗಾಳಿ ಸೇರಿದರೆ ಯಾವ ತಿರುಪೂ ಮಾತು ಕೇಳುವುದಿಲ್ಲ. ತೊಟ್ಟಿಯೊಳಗಿನ ಕಚರಾ ತೆಗೆದು, ಜೆಟ್ಟನ್ನು ಬಾಯಿಂದ ಇಲ್ಲವೆ ಪಂಪಿನಿಂದ ಊದುವುದು. ತಂತಿ ಹಾಕಿ ಕೆದರಿದರೆ ತೂತು ದೊಡ್ಡದಾಗಿ ಜೆಟ್ಟು ಕೆಡುತ್ತದೆ.

ಇಷ್ಟಾದ ಮೇಲೆ ಹ್ಯಾಂಡಲ್ ಹೊಡೆದು ಇಂಜಿನ್ನನ್ನು ಚೆನ್ನಾಗಿ ಬಿಸಿ ಮಾಡಿ, ಚೋಕ್ ಪೂರ್ತಿ ತೆಗೆದು ನಿಲ್ಲಿಸುವುದು. ಸ್ಲೋ ತಿರುಪನ್ನು ಬೆರಳ ತುದಿಯಿಂದ ಮೆಲ್ಲಗೆ ಕೂಡುವ ತನಕ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ಬಿಡುವುದು. ಮತ್ತೆ ಚಾಲೂ ಮಾಡಿ, ತುಸು ತುಸು ಒಳಗೆ. ಇಂಜಿನ್ನು ಅಲುಗಾಡತೊಡಗಿತು ಅಂದರೆ ಪೆಟ್ರೋಲು ಕಡಿಮೆ. ಹೊರಗೆ ತರುತ್ತ ಹೋದರೆ ಕುಂಟ ಕುದುರೆಯ ಹಾಗೆ ಓಡುತ್ತದೆ, ಆಗ ಹೆಚ್ಚು. ಎರಡರ ನಡುವೆ ಒಂದು ಜಾಗ ಐತಿ, ಅಲ್ಲಿ ಇಂಜಿನ್ನು ಹೊಲಿಗೆ ಮಶೀನಿನ ಹಾಗೆ ಒಂದೇ ಸಮನೆ ಓಡುತ್ತದೆ. ನಂತರ ಇನ್ನೊಂದು ತಿರುಪಿನಿಂದ ಸ್ಲೋ ವೇಗ ಇಳಿಸಿ, ಮತ್ತೊಮ್ಮೆ ಮೊದಲಿನದನ್ನು ನೋಡುವುದು. ಫೋರ್ಡ್ ಗಾಡಿಗೆ ಎರಡು ತಿರುಪು. ಜೋಡಿ ಎತ್ತಿನ ಹಾಗೆ ಎರಡನ್ನೂ ಸಮ ಎಳೆಸಬೇಕು.

"ತಮ್ಮಾ, ಕಣ್ಣ ಮುಚ್ಚಿ ಕಿವಿ ತೆರಿ" ಎಂದು ಕಾಕಾ ಹೇಳುತ್ತಿದ್ದರು.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಮುಚ್ಚಿಡಬಾರದು. ಒಮ್ಮೆ ಕಾಕಾ ಊಟಕ್ಕೆ ಹೋದಾಗ ನಾವು ಹುಡುಗರು ಶಾಣ್ಯಾರಾಗಲು ಹೋಗಿ, ಆ ತಿರುಪನ್ನು ಸ್ಕ್ರೂಡ್ರೈವರಿನಿಂದ ಬಲ ಹಾಕಿ ಬಿಗಿದೆವು. ಅದರ ಸೂಜಿ ಮೊನೆಗೆ ಗೀರು ಬಿತ್ತು. ಮೊನೆ ಕೆಟ್ಟರೆ ಎಷ್ಟು ತಿರುಗಿಸಿದರೂ ಹದ ಸಿಗುವುದಿಲ್ಲ. ಆಗ ಗಾಡಿಯಲ್ಲಿ ಬೆಲ್ಲ ಹೇರಿತ್ತು, ಮರುದಿನ ಸಂಕೇಶ್ವರದ ಸವಾಲು. ಹೊಸ ತಿರುಪು ಎಲ್ಲಿ ಸಿಕ್ಕೀತು? ವಿದೇಶಿ ಕಂಪನಿಗಳು ಬರೀ ಜೋಡಿಸಿ ಮಾರುವುದನ್ನು ಸರಕಾರ 1953ರಲ್ಲಿ ಬೇಡವೆಂದಿತ್ತು. ಜನರಲ್ ಮೋಟರ್ಸ್ 1954ರಲ್ಲಿ ಮುಂಬಯಿಯ ಜೋಡಣೆ ನಿಲ್ಲಿಸಿತ್ತು. ಬಿಡಿಭಾಗ ಎಂದರೆ ಇನ್ನೊಂದು ಸತ್ತ ಗಾಡಿಯಿಂದ ಬಿಚ್ಚಿದ್ದು. ಕಾಕಾ ಬೈಯಲಿಲ್ಲ. ಕಂದೀಲಿನ ಬೆಳಕಿನಲ್ಲಿ ಆ ಮೊನೆಯನ್ನು ಎಣ್ಣೆಗಲ್ಲಿನ ಮೇಲೆ ರಾತ್ರಿಯೆಲ್ಲ ತಿಕ್ಕಿ ನಯ ಮಾಡಿದರು. ಬೆಳಗಾಗುವುದರಲ್ಲಿ ಲಾರಿ ಹೊರಟಿತು. ಸವಾಲು ತಪ್ಪಿದ್ದರೆ ಎಷ್ಟು ಮನೆಗಳ ಲೆಕ್ಕ ತಪ್ಪುತ್ತಿತ್ತು ಎಂಬುದು ನಮಗೆ ದೊಡ್ಡವರಾದ ಮೇಲೆ ತಿಳಿಯಿತು.

ಕಾಲ ಬದಲಾಯಿತು

1954ರಲ್ಲಿ ಟಾಟಾದವರು ಜರ್ಮನಿಯ ಬೆಂಝ್ ಜೊತೆ ಸೇರಿ ಡೀಸೆಲ್ ಲಾರಿ ಶುರು ಮಾಡಿದರು. ಡೀಸೆಲ್ ಇಂಜಿನ್ನಿಗೆ ಕಾರ್ಬೇಟರೇ ಇಲ್ಲ. ಎವರೇಜು ಹೆಚ್ಚು, ಖರ್ಚು ಕಡಿಮೆ. ಪೆಟ್ರೋಲ್ ಲಾರಿಗಳು ಒಂದೊಂದಾಗಿ ಗಿಡದ ನೆರಳು ಸೇರಿದವು. ಸೈನ್ಯದಲ್ಲಿ ಮಾತ್ರ ಪೆಟ್ರೋಲ್ ಗಾಡಿ ಬಹಳ ಕಾಲ ಉಳಿಯಿತು. ಜಬಲಪುರದಲ್ಲಿ ತಯಾರಾದ ಜೊಂಗಾ ಮತ್ತು ನಿಸಾನ್ ಒಂದು ಟನ್ ಗಾಡಿಗಳು ಪೆಟ್ರೋಲಿನವೇ. ಲೇಹದಂಥ 3,500 ಮೀಟರ್ ಎತ್ತರದಲ್ಲಿ ಗಾಳಿ ಸುಮಾರು ಮೂರನೇ ಒಂದು ಪಾಲು ತೆಳು. ಬಯಲು ಸೀಮೆಯ ಹದದಲ್ಲಿಯೇ ಮೇಲೆ ಹೋದ ಗಾಡಿ ಅಲ್ಲಿ ಕರೀ ಹೊಗೆ ಬಿಡುತ್ತದೆ.

ಈಗ ನಮ್ಮ ಹೊಲದ ಕಬ್ಬೇ ಈ ಕಥೆಯೊಳಗೆ ಬಂದಿದೆ. ಕಬ್ಬಿನಿಂದ ತೆಗೆದ ಎಥನಾಲನ್ನು ಶೇಕಡಾ 20ರಷ್ಟು ಸೇರಿಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಕಬ್ಬು ಬೆಳೆಗಾರರಿಗೆ ಇದು ಒಳ್ಳೆಯದೇ. ಆದರೆ ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಹಳೇ ಕಾರ್ಬೇಟರಿನ ಹದ ತೆಳುವಾಗುತ್ತದೆ. ಅದು ನೀರನ್ನೂ ಎಳೆದುಕೊಳ್ಳುತ್ತದೆ, ಹಳೇ ರಬ್ಬರು, ಬೂಚಿನ ಪ್ಯಾಕಿಂಗನ್ನು ತಿನ್ನುತ್ತದೆ. ಆದ್ದರಿಂದ ಯಾರ ಮನೆಯಲ್ಲಿ ಹಳೇ ಜೀಪು, ಹಳೇ ಮೋಟರ್ ಸೈಕಲ್ ಇದೆಯೋ ಅವರು ಪೈಪು, ಪ್ಯಾಕಿಂಗು ಹೊಸ ತರಹದ್ದು ಹಾಕಿಸಬೇಕು. ಗಾಡಿ ಬಹಳ ದಿನ ನಿಲ್ಲಿಸುವುದಿದ್ದರೆ ತೊಟ್ಟಿ ಖಾಲಿ ಮಾಡಬೇಕು. ಅವಶ್ಯ ಬಿದ್ದರೆ ಜೆಟ್ಟು ಒಂದು ನಂಬರು ದೊಡ್ಡದು ಬೇಕಾದೀತು.

ನಮ್ಮ ವಿನಂತಿ

ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದರು. 1969ರಲ್ಲಿ ನಮ್ಮ ಹುಕ್ಕೇರಿಯವರು ಸಹಕಾರದಿಂದಲೇ ಹಳ್ಳಿಗೆ ಕರೆಂಟು ತಂದರು. ದುಡ್ಡು ಒಟ್ಟುಗೂಡಿಸುವುದನ್ನೂ ಕರೆಂಟು ಹಂಚುವುದನ್ನೂ ನಾವು ಕಲಿತೆವು. ವಿದ್ಯೆ ಒಟ್ಟುಗೂಡಿಸುವುದನ್ನು ಮಾತ್ರ ಮರೆತೆವು. ಮಿಸ್ತ್ರಿ ಕಾಕಾ ತೀರಿಕೊಂಡರು. ಅವರ ಕೈಯ ಹದ ಯಾವ ವಹಿಯಲ್ಲಿಯೂ ಜಮಾ ಆಗಲಿಲ್ಲ. ಅವರ ಕೈಕೆಳಗೆ ಕಲಿತವರು ನಮ್ಮ ಮೂರು ತಾಲೂಕಿನಲ್ಲಿ ಈಗ ಬೆರಳೆಣಿಕೆಯಷ್ಟು, ಅವರಿಗೂ ವಯಸ್ಸಾಯಿತು.

ಆ ಲಾರಿಯಿಂದ ಇನ್ನು ಬೆಲ್ಲ ಹೇರಲಾಗದು, ಇದು ಖರೆ. ಗುಜರಿಯವರು ಕೊಡುವ ರೊಕ್ಕವೂ ಖರೆ. ಐವತ್ತು ವರ್ಷ ಮೀರಿದ ಸ್ವಂತ ಬಳಕೆಯ ವಾಹನಗಳನ್ನು ಪುರಾತನ ವಾಹನ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ಲಾರಿಗೆ ಅದು ಅನ್ವಯಿಸುವುದು ಕಷ್ಟ. ರಸ್ತೆಗೆ ಬರದಿದ್ದರೂ ನಡೆದೀತು. ನಮ್ಮ ವಿನಂತಿ ಇಷ್ಟೇ: ಬರುವ ಸರ್ವಸಾಧಾರಣ ಸಭೆಯ ತನಕ ಅದನ್ನು ಮಾರಬೇಡಿರಿ. ಉಳಿದಿರುವ ಹಿರಿಯ ಮಿಸ್ತ್ರಿಗಳನ್ನು ನಾಲ್ಕು ರವಿವಾರ ಕರೆಸಿ, ಐ.ಟಿ.ಐ. ಓದುವ ನಮ್ಮ ಹುಡುಗರ ಕೈಯಿಂದ ಆ ಕಾರ್ಬೇಟರ್ ಬಿಚ್ಚಿಸಿ, ಜೋಡಿಸಿ, ಒಮ್ಮೆ ಇಂಜಿನ್ನು ಚಾಲೂ ಮಾಡಿಸೋಣ. ಮಾಡಿದ್ದನ್ನೆಲ್ಲ ಒಂದು ವಹಿಯಲ್ಲಿ ಬರೆಸೋಣ. ಆಮೇಲೆ ಲಾರಿ ಇರಲಿ, ಹೋಗಲಿ, ಸಭೆ ಹೇಳಿದಂತೆ ಆಗಲಿ.

ಬಿಗಿ ಹೆಚ್ಚಾದರೆ ಮೊನೆ ಮುರಿಯುತ್ತದೆ, ಸಡಿಲು ಹೆಚ್ಚಾದರೆ ಹೊಗೆ ಬರುತ್ತದೆ. ಸಾಲ ಕೊಡುವುದರಲ್ಲಿಯೂ ವಸೂಲಿ ಮಾಡುವುದರಲ್ಲಿಯೂ ನಮ್ಮ ಸಂಘ ಇಪ್ಪತ್ತೈದು ವರ್ಷ ಆ ನಡುವಿನ ಜಾಗ ಹುಡುಕಿಕೊಂಡೇ ಬಂದಿದೆ. ಮುಂದೆಯೂ ಅದೇ ಹದದಲ್ಲಿ ನಡೆದು ಸುವರ್ಣ ಮಹೋತ್ಸವ ಕಾಣಲಿ ಎಂದು ಹಾರೈಸುತ್ತೇವೆ.