ಹೆಣ್ಣುಮಕ್ಕಳ ಉನ್ನತ ಶಿಕ್ಷಣ: ಪ್ರವೇಶ ಮತ್ತು ಸ್ಥಾನ

ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವುದು ಇಂದು ಯಾರಿಗೂ ವಿಶೇಷವೆನಿಸುವುದಿಲ್ಲ. ನಾನು ಬಾಗೂರಿನ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ಆರಂಭದ ವರ್ಷಗಳಲ್ಲಿ ಸ್ಥಿತಿ ಹೀಗಿರಲಿಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ತರಗತಿಗೆ ಮೊದಲಿಗಳಾದ ಹುಡುಗಿ ಮನೆಯಲ್ಲಿ ಉಳಿಯುತ್ತಿದ್ದಳು. ಹೇಗೋ ತೇರ್ಗಡೆಯಾದ ಅವಳ ಅಣ್ಣ ಚನ್ನರಾಯಪಟ್ಟಣದ ಬಸ್ಸು ಹತ್ತುತ್ತಿದ್ದ. "ಸಂಜೆಯ ಬಸ್ಸು ತಪ್ಪಿದರೆ ಹುಡುಗಿ ಏನು ಮಾಡಬೇಕು, ಮೇಷ್ಟ್ರೇ?" ಎಂದು ತಂದೆತಾಯಿಗಳು ಕೇಳುತ್ತಿದ್ದರು. ಅವರು ಕೆಟ್ಟವರಲ್ಲ, ಅವರ ಭಯವೂ ಸುಳ್ಳಲ್ಲ. ಆದರೆ ಬಸ್ಸು ತಪ್ಪಿದ ಬೆಲೆಯನ್ನು ಹುಡುಗಿಯೊಬ್ಬಳೇ ತೆರಬೇಕಾಗಿತ್ತು.

ಈ ವಿಷಯವಾಗಿ ಯೋಚಿಸುವಾಗಲೆಲ್ಲ ನನಗೆ ತೋರುವುದಿಷ್ಟು: ವಿದ್ಯಾಸಂಸ್ಥೆಗೆ ಎರಡು ಬಾಗಿಲುಗಳಿವೆ. ಒಂದು ವಿದ್ಯಾರ್ಥಿಯಾಗಿ ಒಳಬರುವ ಬಾಗಿಲು. ಇನ್ನೊಂದು ಅಧ್ಯಾಪಕರಾಗಿ ಅಲ್ಲಿಯೇ ನಿಲ್ಲುವ ಬಾಗಿಲು. ಹೆಣ್ಣುಮಕ್ಕಳಿಗೆ ಇವೆರಡೂ ಒಟ್ಟಿಗೆ ತೆರೆಯಲಿಲ್ಲ.

ನಮ್ಮ ಹಾಸನ ಸೀಮೆಯೂ ಸೇರಿದ್ದ ಹಳೆಯ ಮೈಸೂರು ಸಂಸ್ಥಾನದಿಂದಲೇ ಆರಂಭಿಸೋಣ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1881ರಲ್ಲಿ, ದರ್ಬಾರ್ ಬಕ್ಷಿ ನರಸಿಂಹ ಅಯ್ಯಂಗಾರರ ಪ್ರಯತ್ನದಿಂದ ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆ ಹುಟ್ಟಿತು. ಮುಂದೆ ಅದೇ ಮಹಾರಾಣಿ ಕಾಲೇಜಾಗಿ ಬೆಳೆಯಿತು. 1906ರಲ್ಲಿ ರುಕ್ಮಿಣಮ್ಮ, ಶ್ರೀರಂಗಮ್ಮ ಎಂಬ ಇಬ್ಬರು ಬಿ.ಎ. ಪದವಿ ಪಡೆದಾಗ ಮೈಸೂರು ವಿಶ್ವವಿದ್ಯಾನಿಲಯ ಇನ್ನೂ ಹುಟ್ಟಿರಲಿಲ್ಲ. ಪದವಿ ಕೊಡುತ್ತಿದ್ದುದು ಮದರಾಸಿನ ವಿಶ್ವವಿದ್ಯಾನಿಲಯ. ಮೊದಲ ಬಾಗಿಲು ಹೀಗೆ ತೆರೆಯಿತು. ಆದರೆ ಓದಿದ ಹೆಣ್ಣುಮಗಳಿಗೆ ಆಗ ಕಾಣುತ್ತಿದ್ದ ಉದ್ಯೋಗವೆಂದರೆ ಬಹುಮಟ್ಟಿಗೆ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿಯ ಕೆಲಸ, ಇಲ್ಲವೇ ವೈದ್ಯ ವೃತ್ತಿ.

ಎರಡನೆಯ ಬಾಗಿಲಿನ ಕಥೆಗೆ ಬೆಂಗಳೂರಿಗೆ ಹೋಗಬೇಕು. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಉನ್ನತ ಸ್ಥಾನ ಪಡೆದು ತೇರ್ಗಡೆಯಾದ ಕಮಲಾ ಭಾಗವತ್ ಎಂಬ ತರುಣಿ ಸಂಶೋಧನೆಗೆಂದು ಇಲ್ಲಿಗೆ ಅರ್ಜಿ ಹಾಕಿದಳು. ಅವಳ ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ಓದಿದವರು. ಆಗ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ.ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಆಕೆ ಗಾಂಧೀಜಿಯವರ ಮಾರ್ಗ ಹಿಡಿದು ಸತ್ಯಾಗ್ರಹಕ್ಕೆ ಕುಳಿತಳು. ಕೊನೆಗೆ ಪ್ರವೇಶವೇನೋ ದೊರೆಯಿತು, ಆದರೆ ಷರತ್ತುಗಳೊಡನೆ. ಮೊದಲ ಒಂದು ವರ್ಷ ಆಕೆಯನ್ನು ಪೂರ್ಣ ವಿದ್ಯಾರ್ಥಿನಿಯೆಂದು ಪರಿಗಣಿಸುವುದಿಲ್ಲ. ಕೆಲಸ ತೃಪ್ತಿಕರವೆನಿಸಿದರೆ ಮಾತ್ರ ಮಾನ್ಯತೆ. ಪ್ರಯೋಗಾಲಯದ ಪುರುಷರ ಏಕಾಗ್ರತೆಗೆ ಆಕೆಯಿಂದ ಭಂಗ ಬರಬಾರದು! ಅವರ ಮನಸ್ಸು ಚಂಚಲವಾದರೆ ಹೊಣೆ ಆಕೆಯದೆಂಬ ಈ ತರ್ಕವನ್ನು ಓದುಗರು ಗಮನಿಸಬೇಕು.

ಕಮಲಾ ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ದ್ವಿದಳ ಧಾನ್ಯಗಳ ಪ್ರೋಟೀನುಗಳ ಬಗ್ಗೆ ದುಡಿದು 1936ರಲ್ಲಿ ಎಂ.ಎಸ್‌ಸಿ. ಪದವಿ ಪಡೆದರು. ಅವರ ಯೋಗ್ಯತೆ ಕಂಡ ಮೇಲೆ ಸಂಸ್ಥೆಯು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿತು. ಮುಂದೆ ಅಣ್ಣಾ ಮಣಿ ರಾಮನ್‌ರ ಪ್ರಯೋಗಾಲಯದಲ್ಲಿಯೇ ಸಂಶೋಧನೆ ನಡೆಸಿದರು. ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ವಿವಾಹಾನಂತರ ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ. ಹಿಂದುಳಿದವರು ನಾವು ಮಾತ್ರ ಎಂದು ತಲೆ ತಗ್ಗಿಸಬೇಕಾಗಿಲ್ಲ. ಆ ಕೇಂಬ್ರಿಜ್ ಹೆಣ್ಣುಮಕ್ಕಳನ್ನು ಪುರುಷರಿಗೆ ಸಮಾನವಾಗಿ ಪದವಿಗೂ ವಿಶ್ವವಿದ್ಯಾನಿಲಯದ ಪೂರ್ಣ ಸದಸ್ಯತ್ವಕ್ಕೂ ಸ್ವೀಕರಿಸಿದ್ದು 1948ರಲ್ಲಿ.

ಕಮಲಾ ಬಾಗಿಲು ತೆರೆಸಿದ ಸಂಸ್ಥೆಯಲ್ಲಿ ಅಧ್ಯಾಪಕಿಯಾಗಿ ನಿಂತವರಲ್ಲಿ ನಮ್ಮ ನಂಜನಗೂಡಿನಲ್ಲಿ 1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿಯವರು ಪ್ರಮುಖರು. ಇವರ ಅಜ್ಜಿ ಕಮಲಮ್ಮ ದಾಸಪ್ಪನವರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಒಂದು ಮನೆಯಲ್ಲಿ ಒಬ್ಬ ಹೆಣ್ಣುಮಗಳು ಓದಿದರೆ ಎರಡು ತಲೆಮಾರಿನ ನಂತರ ಏನಾಗಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ? ರಾಜೇಶ್ವರಿಯವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕದ ಮಿಶಿಗನ್‌ಗೆ ತೆರಳಿ ಡಾಕ್ಟರೇಟ್ ಗಳಿಸಿದರು. 1953ರಲ್ಲಿ ಹಿಂತಿರುಗಿ ಸಂಸ್ಥೆಯ ವಿದ್ಯುತ್ ಸಂವಹನ ಇಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಸಂಶೋಧನೆಗೆ ತಳಹದಿ ಹಾಕಿ, ವಿಭಾಗದ ಮುಖ್ಯಸ್ಥರೂ ಆಗಿ 1982ರಲ್ಲಿ ನಿವೃತ್ತರಾದರು. ನಿವೃತ್ತಿಯ ನಂತರ ಮಹಿಳಾ ಅಧ್ಯಯನದ ಕೆಲಸದಲ್ಲಿ ತೊಡಗಿಕೊಂಡ ಅವರು 2010ರಲ್ಲಿ ತೀರಿಕೊಂಡರು. 1933ರಲ್ಲಿ ಹೆಣ್ಣೊಬ್ಬಳನ್ನು ಪರೀಕ್ಷಾರ್ಥವಾಗಿ ಒಳಬಿಟ್ಟ ಸಂಸ್ಥೆಯಲ್ಲಿ 20 ವರ್ಷಗಳ ನಂತರ ಹೆಣ್ಣೊಬ್ಬರು ಗುರುಸ್ಥಾನದಲ್ಲಿ ನಿಂತರು.

ಹಾಗಾದರೆ ಕಥೆ ಮುಗಿಯಿತೇ? ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಸುಮಾರು 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಮಂದಿ ಹೆಣ್ಣುಮಕ್ಕಳು, ಹೆಚ್ಚುಕಡಿಮೆ ಅರ್ಧದಷ್ಟು. ಅಧ್ಯಾಪಕ ವರ್ಗದಲ್ಲಾದರೋ ಪ್ರತಿ 100 ಪುರುಷರಿಗೆ 77 ಮಹಿಳೆಯರು. ಪ್ರಾಧ್ಯಾಪಕ ಹುದ್ದೆಗೆ ಏರಿದಂತೆ ಈ ಪ್ರಮಾಣ ಇನ್ನೂ ಇಳಿಯುತ್ತದೆ. ಬಾಗೂರಿನವರಿಗೆ ಹೇಮಾವತಿಯ ನೀರು ಸಾಗುವ ಬಾಗೂರು–ನವಿಲೆ ಸುರಂಗದ ಪರಿಚಯವುಂಟು. ಸುರಂಗದ ಈಚೆಯ ಬಾಯಿಯನ್ನಷ್ಟೇ ಕೊರೆದು ಬಿಟ್ಟಿದ್ದರೆ ನೀರು ತುಮಕೂರು ಕಡೆಗೆ ಹರಿಯುತ್ತಿತ್ತೇ?

ಒಳಗೆ ಬಂದವರು ನೆಮ್ಮದಿಯಿಂದ ಉಳಿಯುವುದೂ ಮುಖ್ಯ. 1997ರ ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು, 2013ರ ಕಾಯಿದೆ ಹಾಗೂ ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2015ರ ನಿಯಮಗಳ ಫಲವಾಗಿ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಪ್ರತಿ ಕಾಲೇಜಿನಲ್ಲೂ ಇರಬೇಕು. ವಿದ್ಯಾರ್ಥಿನಿ, ಅಧ್ಯಾಪಕಿ, ಕಚೇರಿಯ ಸಿಬ್ಬಂದಿ ಎಲ್ಲರಿಗೂ ಅದರ ರಕ್ಷಣೆಯುಂಟು. ಪ್ರಯೋಗಾಲಯದ ಶಿಸ್ತಿನ ಹೊಣೆಯನ್ನು ಒಬ್ಬ ಹುಡುಗಿಯ ಮೇಲೆ ಹೊರಿಸಿದ 1933ರ ತರ್ಕವನ್ನು ಕಾನೂನು ಹೀಗೆ ತಲೆಕೆಳಗು ಮಾಡಿದೆ: ಇನ್ನು ಮುಂದೆ ಹೊಣೆ ಸಂಸ್ಥೆಯದು.

ಊರಿನ ಹಾದಿಯೂ ಬದಲಾಗಿದೆ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಬೈಸಿಕಲ್ ಕೊಡತೊಡಗಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಬಂದಿತು. ಅದೇ ವರ್ಷ ಹಾಸನಕ್ಕೆ ವಿಶ್ವವಿದ್ಯಾನಿಲಯವೂ ಬಂದಿತು. ಹಿಂದಿನ ತಂದೆತಾಯಿಗಳು ಕೇಳುತ್ತಿದ್ದ ಪ್ರಶ್ನೆಗೆ ಒಂದಿಷ್ಟು ಉತ್ತರ ದೊರೆತಿದೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಬೆಳೆದ ಹೆಣ್ಣುಮಕ್ಕಳ ತಂದೆತಾಯಿಗಳು. ಕೆಲವರು ಕಾಲೇಜುಗಳಲ್ಲಿ ಅಧಿಕಾರದ ಸ್ಥಾನದಲ್ಲಿಯೂ ಇದ್ದೀರಿ. ನಿಮ್ಮ ಮಗಳು ಪದವಿಯ ನಂತರವೂ ಓದುತ್ತೇನೆ, ಸಂಶೋಧನೆ ಮಾಡುತ್ತೇನೆ, ದೂರದ ಊರಿನಲ್ಲಿ ಅಧ್ಯಾಪಕಿಯಾಗುತ್ತೇನೆ ಎಂದಾಗ, "ಒಂದು ವರ್ಷ ನೋಡೋಣ, ಆಮೇಲೆ ಮದುವೆ" ಎಂಬ ಮಾತು ನಿಮ್ಮ ನಾಲಿಗೆಗೆ ಬರಬಹುದು. ಮಗನಿಗೆ ಹಾಕದ ಷರತ್ತನ್ನು ಮಗಳಿಗೂ ಹಾಕಬೇಡಿ. ನಿಮ್ಮ ಮೇಷ್ಟರ ಕೋರಿಕೆ ಇಷ್ಟೇ.